ನೆನೆಸುವುದಕ್ಕಷ್ಟೇ ಬರುವ ಮಳೆ

ಬೆಳಿಗ್ಗೆ ತಾಡಪಾಲು ಎತ್ತಿ ನೋಡಿದೆ. ಶೇಂಗಾ ಹೊಟ್ಟೆಲ್ಲ ಮುಗ್ಗಲು ವಾಸನೆ. ಹೊಟ್ಟೆ ಉರಿಯಿತು.

ನಾಲ್ಕು ದಿನದಿಂದ ಸೈಕ್ಲೋನ್, ಸೈಕ್ಲೋನ್ ಅಂತ ಟಿವಿಯಲ್ಲಿ ಒಂದೇ ಕೂಗು. ಬಂದಿದ್ದೇನು? ಬಿಸಿಲಿಲ್ಲ, ಚಳಿಗಾಳಿ, ದಿನವಿಡೀ ಜಿಟಿಜಿಟಿ. ಮಣ್ಣು ಕೆದಕಿದರೆ ಒಂದು ಗೇಣು ಕೆಳಗೆ ಒಣ ಧೂಳು! ಕೆರೆಗೆ ಒಂದು ಬಿಂದಿಗೆ ನೀರೂ ಹರಿದು ಬರಲಿಲ್ಲ. ಬೋರ್‌ವೆಲ್ ಮತ್ತೆ ಗಾಳಿಯನ್ನೇ ಉಗುಳುತ್ತಿದೆ.

ಚಳ್ಳಕೆರೆ ಸೀಮೆಯವರಿಗೆ ಇದು ಪ್ರತಿ ವರ್ಷದ ಗೋಳು. ಜೂನ್, ಜುಲೈನಲ್ಲಿ ಬಿತ್ತಿ ಆಕಾಶ ನೋಡುತ್ತಾ ಕೂತಾಗ ಈ ಮೋಡಗಳು ಎಲ್ಲಿರುತ್ತವೆ? ಕಟಾವು ಮುಗಿಸಿ ಒಣಗಲು ಹಾಕಿದಾಗಲೇ ಬರಬೇಕಾ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ. ಆ ಡಿಸೆಂಬರ್‌ನಲ್ಲಿ ಮಿಚಾಂಗ್ ಸೈಕ್ಲೋನ್ ಚೆನ್ನೈಯನ್ನೇ ಮುಳುಗಿಸಿತು. ಮರುವರ್ಷ ಫೆಂಗಲ್ ಸೈಕ್ಲೋನ್ ಬಂದಾಗ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಊತಂಗರೈನಲ್ಲಿ ಒಂದೇ ದಿನ 50 ಸೆಂ.ಮೀ. ಸುರಿಯಿತು. ನಮಗೆ ಇಡೀ ವರ್ಷಕ್ಕೆ ಬೀಳುವುದೇ ಹೆಚ್ಚುಕಡಿಮೆ ಅಷ್ಟು! ಅವರ ಮನೆ ಮುಳುಗಿತು, ನಮ್ಮ ಕೆರೆ ಒಣಗಿತು. ಯಾರಿಗೆ ಒಳ್ಳೆಯದಾಯ್ತು ಹೇಳಿ?

ತೊಗರಿಯದ್ದು ಇನ್ನೊಂದು ಕಥೆ. ಹೂವು ತುಂಬಿ ನಿಂತಿತ್ತು. ಮೋಡ ಕವಿದಿದ್ದೇ ತಡ, ಹೂವು ಉದುರಿತು, ಕಾಯಿಕೊರಕ ಬಿತ್ತು. ಈಗ ಔಷಧಿ ಹೊಡೆಯಲು ಮತ್ತೆ ಸಾಲ.

ಇಷ್ಟಾದ ಮೇಲೆ ಬೆಂಗಳೂರಿಂದ ನೆಂಟರ ಫೋನ್: "ನಿಮ್ಮ ಕಡೆ ಒಳ್ಳೇ ಮಳೆಯಂತೆ, ಖುಷಿನಾ?" ಏನಂತ ಹೇಳಲಿ? ಹೊಟ್ಟನ್ನು ಅಂಗಳದಲ್ಲಿ ಹರಡಿದ್ದೇನೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಮೇಲೆ ಮತ್ತೆ ಮೋಡ.