ತಿರುವೋ ಮಷೀನು

ಕೈಯಿಂದ ತಿರುವಿ ಅರಿವೆ ಒಗೆಯುವ ಮಷೀನು ಮನೆಗೆ ಬಂದಿದೆ ಎಂದರೆ ಕೊಪ್ಪಳದಲ್ಲಿ ಯಾರೂ ‘ಎಷ್ಟು ಕೊಟ್ರಿ?’ ಎಂದು ಮೊದಲು ಕೇಳುವುದಿಲ್ಲ. ‘ಕೈ ಹೆಂಗೂ ಬೇಕಂದಮ್ಯಾಲ ಮಷೀನ್ ಯಾಕ್ರೀ?’ ಎನ್ನುತ್ತಾರೆ. ರೇಟು ಎರಡನೆಯ ಪ್ರಶ್ನೆ. ಹಾಲು ಹಾಕುವವರು ಕೇಳಿದರು, ಎದುರು ಮನೆಯ ಕಾಕಾ ಕೇಳಿದರು, ಗ್ಯಾಸ್ ಸಿಲಿಂಡರ್ ತಂದ ಹುಡುಗ ಅದರ ಹಿಡಿಕೆಯನ್ನು ಒಂದು ಸುತ್ತು ತಿರುವಿ ನೋಡಿ ಆಮೇಲೆ ಕೇಳಿದ. ಪ್ರಶ್ನೆಯೇನೋ ಖರೇನೇ. ಉತ್ತರ ಮಾತ್ರ ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ.

ನೋಡಲು ಅದರಲ್ಲಿ ಏನೂ ಇಲ್ಲ. ಮೊಣಕಾಲೆತ್ತರದ ಪ್ಲಾಸ್ಟಿಕ್ ಡ್ರಮ್ಮೊಂದು ಸ್ಟ್ಯಾಂಡಿನ ಮೇಲೆ ಅಡ್ಡ ಮಲಗಿದೆ. ಮಗ್ಗುಲಿಗೆ ಹಿಡಿಕೆ, ಮೇಲೆ ತಿರುಪಿನ ಮುಚ್ಚಳ, ತಳದಲ್ಲಿ ನೀರು ಬಿಡಲು ಒಂದು ಬಿರಡೆ. ಅರ್ಧ ಡ್ರಮ್ಮು ನೀರು, ಪುಡಿ, ನಾಲ್ಕೈದು ಅಂಗಿ, ಇಷ್ಟೇ ಅದರ ಹಸಿವು. ಆಸೆಗೆ ಬಿದ್ದು ಬಾಯಿತನಕ ತುರುಕಿದರೆ ಅದು ಒಗೆಯುವುದಿಲ್ಲ. ಒಳಗೆ ಅರಿವೆ ಮೇಲೇರಿ ಕೆಳಗೆ ಬೀಳಬೇಕು, ಬಿದ್ದಾಗಲೆಲ್ಲ ನೂಲಿನ ಸಂದಿಯಿಂದ ಸೋಪಿನ ನೀರು ಹಾದು ಹೋಗಬೇಕು. ಹಳ್ಳದ ಬಂಡೆಗೆ ಎತ್ತಿ ಒಗೆದರೂ ಆಗುವುದು ಅದೇ. ಹಾಗಾಗಿ ಬೀಳಲು ಜಾಗ ಬೇಕು, ಬೀಳಲು ಪುರುಸೊತ್ತೂ ಬೇಕು. ಬಹಳ ಜೋರಾಗಿ ತಿರುವಿದಿರೋ, ಅರಿವೆಗಳೆಲ್ಲ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ಸುಮ್ಮನೆ ಸುತ್ತು ಹೊಡೆಯುತ್ತವೆ. ಕೊಳೆಯೂ ಅವುಗಳ ಜೊತೆ ಸುತ್ತು ಹೊಡೆಯುತ್ತದೆ.

ಇದಕ್ಕೊಬ್ಬ ಬಡ ತಂಗಿಯೂ ಉಂಟು. ಉದ್ದನೆಯ ಕೋಲು, ತುದಿಗೆ ತೂತುಗಳಿರುವ ಒಂದು ಬಟ್ಟಲು. ಬಕೆಟ್ಟಿನಲ್ಲಿ ಅರಿವೆ ನೆನೆಹಾಕಿ ಮೇಲಿಂದ ಒತ್ತಿ ಎತ್ತುವುದು. ನಮ್ಮ ಅತ್ತೆಯವರು ಅದನ್ನು ಯಾರದೋ ಮನೆಯಲ್ಲಿ ಕಂಡು ಬಂದು, ‘ಮಜ್ಜಿಗಿ ಕಡದಂಗ ಅರಿಬಿ ಕಡೀತಾರ ನೋಡವಾ, ಬೆಣ್ಣಿ ಒಂದು ಬರೂದಿಲ್ಲ’ ಎಂದಿದ್ದರು.

ಕರೆಂಟಿನ ಮಷೀನು ತರಬಹುದಿತ್ತಲ್ಲ ಎಂದರೆ, ತರಬಹುದಿತ್ತು. ಕರೆಂಟಿಗೆ ಈ ಸೀಮೆಯಲ್ಲಿ ಬರವೇ? ಪಕ್ಕದ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಗೆ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರ, ಈ ಕಡೆ ಬಳ್ಳಾರಿಯ ಕುಡಿತಿನಿಯಲ್ಲಿ ಮತ್ತೊಂದು, ಮುನಿರಾಬಾದಿನ ಡ್ಯಾಮಿನಲ್ಲಿ ನೀರಿನ ಕರೆಂಟು, ಕುಷ್ಟಗಿ ಯಲಬುರ್ಗಾ ಕಡೆ ಹೊರಟರೆ ಹೊಲದ ತುಂಬ ಗಾಳಿ ಫ್ಯಾನು. ಇಷ್ಟೆಲ್ಲದರ ನಟ್ಟನಡುವೆ ಕುಳಿತ ನಮಗೆ ಅರಿವೆ ಒಗೆಯುವ ಹೊತ್ತಿಗೇ ಕರೆಂಟು ಹೋಗುತ್ತದೆ. ಆದರೆ ಕರೆಂಟಿನ ಮೇಲೆ ನನಗೆ ಅಂಥ ಸಿಟ್ಟಿಲ್ಲ, ಹೋದದ್ದು ಬರುತ್ತದೆ. ನೀರಿನದು ಹಾಗಲ್ಲ.

ತಾನೇ ಎಲ್ಲ ಮಾಡುವ ಮಷೀನಿಗೆ ನಳದಲ್ಲಿ ಸದಾ ನೀರಿರಬೇಕು, ಅದೂ ಒತ್ತಡದಿಂದ ಬರಬೇಕು. ನಮ್ಮಲ್ಲಿ ನಳ ಬರುವುದು ಒಂದು ಸುದ್ದಿ. ‘ನಳ ಬಂತು’ ಎಂಬ ಕೂಗು ಓಣಿಯ ಆ ತುದಿಯಲ್ಲಿ ಎದ್ದರೆ ಈ ತುದಿಯಲ್ಲಿ ಕೊಡ, ಬಕೆಟ್, ಟಾಕಿಯ ಮುಚ್ಚಳ ಎಲ್ಲ ಒಮ್ಮೆಲೇ ಸಪ್ಪಳ ಮಾಡುತ್ತವೆ. ಉಳಿದ ದಿನ ಬೋರಿನ ಸವಳು ನೀರೇ ಗತಿ. ಆ ನೀರಲ್ಲಿ ತೊಗರಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ. ಅದರಲ್ಲಿರುವ ಸುಣ್ಣದ ಮತ್ತು ಮೆಗ್ನೀಸಿಯಂ ಅಂಶ ಸೋಪನ್ನು ಹಿಡಿದು ಬಿಳಿ ಗಸಿ ಮಾಡಿ ಅರಿವೆಗೇ ಮೆತ್ತಿಬಿಡುತ್ತದೆ. ನೀರು ಕಾಯಿಸುವ ಮಷೀನಿನ ಕಾಯಿಲ್ ಮೇಲೂ ಅದೇ ಪದರ ಕಟ್ಟುತ್ತದೆ. ತಿರುವೋ ಮಷೀನಿಗೆ ಕಾಯಿಲ್ ಇಲ್ಲ, ನಳದ ಹಂಗೂ ಇಲ್ಲ. ಬೇಳೆ ತೊಳೆದ ನೀರನ್ನು ಗಿಡಕ್ಕೆ ಹಾಕುವ ಮನೆಗಳಲ್ಲಿ ಇದಕ್ಕೊಂದು ಮರ್ಯಾದೆ ಸಿಗುವುದು ಇದರಿಂದಲೇ: ಹೊಯ್ದ ನೀರೆಷ್ಟು, ಬಿಟ್ಟ ನೀರೆಷ್ಟು ಎಂದು ಕಣ್ಣಿಗೆ ಕಾಣುತ್ತದೆ. ಬಿಳಿ ಅಂಗಿಯ ನೀರಿಗೆ ಬಣ್ಣದ್ದು, ಬಣ್ಣದ್ದರ ನೀರಿಗೆ ಕಾಲೊರೆಸುವ ಅರಿವೆ, ಆ ನೀರಲ್ಲಿ ಕೊನೆಗೆ ಬಚ್ಚಲ ತೊಳೆಯುವುದು.

ಅದು ಯಾವ ಕೊಳೆಗೆ ಸಮ ಎಂದೂ ಹೇಳಬೇಕು. ಮಸಾರಿ ಹೊಲದ ಕೆಂಪು ಮಣ್ಣು ಅದಕ್ಕೆ ಸಲೀಸು. ಎರಿ ಹೊಲದ ಕರಿ ಮಣ್ಣು ಹಸಿಯಿದ್ದಾಗ ಅಂಟು, ಮೊದಲು ಒಣಗಿಸಿ ಚೆನ್ನಾಗಿ ಜಾಡಿಸದೆ ಡ್ರಮ್ಮಿಗೆ ಹಾಕಿದರೆ ಒಳಗೆ ಕೆಸರಿನ ಸಾರು. ಒಗ್ಗರಣಿ ಮಿರ್ಚಿ ತಿಂದು ಕೈ ಒರೆಸಿಕೊಂಡ ಅಂಗಿಯ ಎಣ್ಣೆ ಬಿಸಿನೀರು ಕಂಡರೆ ಬಿಡುತ್ತದೆ. ಆದರೆ ಅದರ ಅರಿಶಿನ ಸೋಪು ಸೋಕಿದ ಕೂಡಲೇ ಕೆಂಪಾಗಿ ಹೆದರಿಸುತ್ತದೆ. ಅದಕ್ಕೆ ತಿರುವೋ ಮಷೀನೂ ಬೇಡ, ಕರೆಂಟಿನದೂ ಬೇಡ. ಕೊಪ್ಪಳದ ಬಿಸಿಲಿಗೆ ಹಾಕಿದರೆ ಸಾಕು, ಹಾರಿಹೋಗುತ್ತದೆ. ನಮ್ಮ ಬಿಸಿಲಿನಿಂದ ಆಗುವ ಉಪಕಾರಗಳ ಪಟ್ಟಿ ಚಿಕ್ಕದು, ಅದರಲ್ಲಿ ಇದೊಂದು.

ಈ ಹಿಡಿಕೆಯ ಕಥೆ ಹಳೆಯದು. 1767ರಲ್ಲಿ ಜರ್ಮನಿಯ ರೆಗೆನ್ಸ್‌ಬರ್ಗಿನ ಪಾದ್ರಿ ಯಾಕೋಬ್ ಕ್ರಿಶ್ಚಿಯನ್ ಷೆಫರ್ ಎಂಬಾತ ಬಟ್ಟೆ ಒಗೆಯುವ ಯಂತ್ರದ ಬಗ್ಗೆ ಪುಸ್ತಕ ಬರೆದ. ಅಣಬೆ, ಹುಳಹುಪ್ಪಡಿಗಳನ್ನು ಅಭ್ಯಾಸ ಮಾಡುತ್ತಿದ್ದ, ಕಣಜದ ಗೂಡಿನಿಂದ ಕಾಗದ ಮಾಡಲು ಹೊರಟಿದ್ದ ಆಸಾಮಿ ಅವನು. 1782ರಲ್ಲಿ ಲಂಡನ್ನಿನ ಹೆನ್ರಿ ಸಿಜಿಯರ್ ಎಂಬಾತ ಮರದ ಕಡ್ಡಿಗಳ ಪಂಜರವನ್ನು ತೊಟ್ಟಿಯೊಳಗೆ ಹಿಡಿಕೆಯಿಂದ ತಿರುವುವ ಯಂತ್ರಕ್ಕೆ ಪೇಟೆಂಟ್ ಪಡೆದ. 1874ರಲ್ಲಿ ಅಮೆರಿಕದ ಇಂಡಿಯಾನಾದ ವಿಲಿಯಂ ಬ್ಲ್ಯಾಕ್‌ಸ್ಟೋನ್ ಎಂಬ ವ್ಯಾಪಾರಿ ತಾನೇ ಮಾಡಿದ ಮರದ ತೊಟ್ಟಿಯ ಮಷೀನನ್ನು ಹೆಂಡತಿಯ ಹುಟ್ಟುಹಬ್ಬಕ್ಕೆ ಕಾಣಿಕೆ ಕೊಟ್ಟನಂತೆ. ಆಕೆ ಏನಂದಳೆಂದು ಯಾರೂ ಬರೆದಿಟ್ಟಿಲ್ಲ. ಹುಟ್ಟುಹಬ್ಬಕ್ಕೆ ಅರಿವೆ ಒಗೆಯುವ ಸಾಮಾನು ಕೊಟ್ಟರೆ ಕೊಪ್ಪಳದ ಹೆಣ್ಣುಮಗಳು ಏನನ್ನುತ್ತಾಳೆಂದು ನಾನು ಹೇಳಬಲ್ಲೆ, ಇಲ್ಲಿ ಬರೆಯಲು ಬರುವುದಿಲ್ಲ.

ಈ ಸಾಲಿನಲ್ಲಿ ನನಗೆ ಹೆಚ್ಚು ಹಿಡಿಸುವುದು ಒಬ್ಬ ಹುಡುಗಿ. ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್, ಶಾಲೆಗೆ ಹೋಗುತ್ತಿದ್ದಾಗಲೇ, ಮನೆಯಲ್ಲಿ ತಾಯಿಗೆ ಹುಷಾರಿಲ್ಲದೆ ಒಗೆಯುವ ಕೆಲಸ ತನ್ನ ತಲೆಗೆ ಬಂದಾಗ, ಸೈಕಲ್ಲಿನ ಪೆಡಲ್ಲು ಚೈನು ಸೇರಿಸಿ ತುಳಿದು ಒಗೆಯುವ ಮಷೀನು ಮಾಡಿದಳು. ಷೆಫರ್ ಪಾದ್ರಿಯ ತನಕ ಹೋಗಿ ನೋಡಿದರೆ, ಸ್ವತಃ ಒಗೆದು ಬೇಸತ್ತು ಮಷೀನು ಮಾಡಿದವರು ನನಗೆ ಸಿಕ್ಕಿದ್ದು ಆಕೆ ಒಬ್ಬಳೇ. ನನಗೆ ಹಿಡಿಸಿದ ಮತ್ತೊಬ್ಬರು ಬ್ರಿಟನ್ನಿನ ಎಂಜಿನಿಯರ್ ನವ್ ಸಾಹ್ನಿ. ತಮಿಳುನಾಡಿನ ಹಳ್ಳಿಯೊಂದರಲ್ಲಿ ಇದ್ದಾಗ ನೆರೆಮನೆಯ ಹೆಣ್ಣುಮಗಳು ಒಗೆಯುವ ಪಾಡು ನೋಡಿ, ನಿನಗೊಂದು ಮಷೀನು ಮಾಡಿಕೊಡುತ್ತೇನೆಂದು ಮಾತು ಕೊಟ್ಟರು. ತೊಳೆದ ಸೊಪ್ಪಿನ ನೀರು ಚಿಮ್ಮಿಸುವ ಕೈಯಂತ್ರ ನೋಡಿ ಅದರ ಯುಕ್ತಿಯನ್ನೇ ಅರಿವೆಗೆ ತಂದರು. ಮಷೀನಿಗೆ ಆಕೆಯ ಹೆಸರನ್ನೇ ಇಟ್ಟರು, ‘ದಿವ್ಯಾ’. ಅದು ಇರಾಕಿನ ನಿರಾಶ್ರಿತರ ಡೇರೆಗಳ ತನಕ ಹೋಯಿತು.

ಇನ್ನು ನಮ್ಮ ಮನೆಯ ಮಾತು. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯವರು ಒಂದು ಕರವಸ್ತ್ರ ಒಗೆದದ್ದನ್ನು ಕಂಡವಳಲ್ಲ. ಬಚ್ಚಲಲ್ಲಿ ಒಗೆಯುವ ಕಲ್ಲಿತ್ತು, ಸೋಪಿತ್ತು, ಬ್ರಷ್ಷಿತ್ತು. ಅವು ಅವರ ಕಣ್ಣಿಗೆ ಬಿದ್ದದ್ದೇ ಇಲ್ಲ. ಈ ಮಷೀನಿಗೆ ಹಿಡಿಕೆ ಇದೆ ನೋಡಿ, ಹಿಡಿಕೆ ಬಿತ್ತು. ಬಂದ ದಿನವೇ ಸ್ಟೂಲ್ ಎಳೆದುಕೊಂಡು ಕುಳಿತರು. ‘ಇದಕ್ಕ ಗ್ರೀಸ್ ಹಾಕಬೇಕು’ ಎಂದರು, ‘ಸ್ಟ್ಯಾಂಡ್ ಲೆವೆಲ್ ಇಲ್ಲ’ ಎಂದು ಕೆಳಗೆ ರಟ್ಟು ಕೊಟ್ಟರು, ಆಮೇಲೆ ತಿರುವತೊಡಗಿದರು. ಎಷ್ಟು ಜೋರು ಎಂದರೆ ಅರಿವೆ ಗೋಡೆಗೆ ಅಂಟಿ ಕುಳಿತುಬಿಟ್ಟಿತು. ‘ಸಾವಕಾಶ ತಿರುವ್ರೀ, ಬೀಳಬೇಕದು’ ಎಂದೆ. ‘ಆರ್‌ಪಿಎಂ ಬೇಕಲ್ಲ’ ಎಂದರು, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಅರಿವೆ ಒಗೆಯುವುದರಲ್ಲಿ ಆರ್‌ಪಿಎಂ ಇದೆ ಎಂದು ಗೊತ್ತಾಗಿದ್ದರೆ ಗಂಡಸರು ಎಂದೋ ಒಗೆಯುತ್ತಿದ್ದರು.

ಗಂಡಸರಿಗೆ ಒಗೆಯಲು ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಅರಿವೆ ಮಡಿ ಮಾಡಿದವರು ಮಡಿವಾಳ ಮಾಚಿದೇವರು, ಅದು ಅವರ ಕಾಯಕ. ಊರ ಮಡಿವಾಳರು ಗಂಡಹೆಂಡಿರಿಬ್ಬರೂ ಗಂಟು ಹೊತ್ತು ಹಳ್ಳಕ್ಕೆ ಹೋಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬಳ್ಳಾರಿಗೆ ಹೋಗಿ ನೋಡಿ: ಜೀನ್ಸ್ ಪ್ಯಾಂಟು ಹೊಲಿಯುವುದಕ್ಕೆ ಹೆಸರಾದ ಊರು, ಹೊಲಿದ ಪ್ಯಾಂಟನ್ನು ಹಳೆಯದಾಗಿ ಕಾಣಿಸಲು ತೊಳೆಯುವ ಘಟಕಗಳೇ ಬೇರೆ ಇವೆ. ಆಳೆತ್ತರದ ಡ್ರಮ್ಮುಗಳು, ಗಂಬೂಟು ಹಾಕಿದ ಗಂಡಾಳುಗಳು, ನೀಲಿ ನೀರು. ಇನ್ನೂ ಯಾರೂ ತೊಡದ ಪ್ಯಾಂಟನ್ನು ಅಲ್ಲಿ ಅಷ್ಟು ಮುತುವರ್ಜಿಯಿಂದ ಒಗೆಯುವ ಗಂಡಸು ಮನೆಗೆ ಬಂದು ತಾನು ತೊಟ್ಟದ್ದನ್ನು ಬಚ್ಚಲ ಮೂಲೆಗೆ ಎಸೆಯುತ್ತಾನೆ. ಕಾಯಕವಾದರೆ ಒಗೆಯುತ್ತಾರೆ, ಪಗಾರ ಬಂದರೆ ಒಗೆಯುತ್ತಾರೆ, ಮಷೀನಾದರೂ ಒಗೆಯುತ್ತಾರೆ. ಬರೀ ಅರಿವೆ ಎಂದರೆ ಮಾತ್ರ ಕೈ ಬರುವುದಿಲ್ಲ. ಬೀಸುವ ಕಲ್ಲಿನ ಮುಂದೆ ಎಂದೂ ಕೂಡದವರು ಹಿಟ್ಟಿನ ಗಿರಣಿ ಬಂದ ಕೂಡಲೇ ಅದರ ಮಾಲೀಕರಾಗಿ ನಿಂತದ್ದೂ ಹೀಗೇ.

ಆದರೂ ಹಿಡಿಕೆಗೆ ಇಷ್ಟು ಬೇಗ ಹಾರ ಹಾಕಬಾರದು. ಒಗೆಯುವುದೆಂದರೆ ಬರೀ ತಿರುವುವುದಲ್ಲ. ನೀರು ತುಂಬುವುದು, ಕಿಸೆ ತಪಾಸು ಮಾಡಿ ಚಿಲ್ಲರೆ ತೆಗೆಯುವುದು, ಕಾಲರಿಗೆ ಸೋಪು ತಿಕ್ಕುವುದು, ಜಾಲಿಸುವುದು, ಹಿಂಡುವುದು, ಒಣಹಾಕುವುದು, ತೆಗೆದು ಮಡಚುವುದು, ಮಡಚಿದ್ದು ಯಾರದೆಂದು ನೆನಪಿಟ್ಟು ಅವರವರ ಕಪಾಟಿಗೆ ಇಡುವುದು, ಇವೆಲ್ಲ ಸೇರಿ ಒಗೆತ. ಮಷೀನು ಕಸಿದುಕೊಂಡದ್ದು ನಡುವಿನ ಒಂದು ಚೂರು. ನಮ್ಮ ಮನೆಯವರು ತಿರುವಿದರು, ಎದ್ದರು, ‘ಆತು ನೋಡು’ ಎಂದರು. ಏನಾಗಿತ್ತು? ಸೋಪಿನ ನೀರಲ್ಲಿ ಅರಿವೆ ತೇಲುತ್ತಿದ್ದವು. ಜಾಲಿಸಲು ಮತ್ತೆರಡು ಸಲ ನೀರು ಹೊಯ್ದು ತಿರುವಬೇಕು ಎಂದರೆ ‘ಅದನ್ನೂ ನಾನೇನಾ?’ ಎಂದರು. ಹಿಂಡುವ ಮಾತು ನಾನಿನ್ನೂ ಎತ್ತಿರಲೇ ಇಲ್ಲ.

ಹಾಗಂತ ಆ ಒಂದು ಚೂರು ಸಣ್ಣದಲ್ಲ. ನಡ ಬಗ್ಗಿಸಿ ಕುಕ್ಕುವುದು ತಪ್ಪಿದರೆ ಏನಾಗುತ್ತದೆಂದು ನಡ ಹಿಡಿದವರಿಗೇ ಗೊತ್ತು. ನಮ್ಮ ಅತ್ತೆಯವರು ಹಿರೇಹಳ್ಳಕ್ಕೆ ಬುಟ್ಟಿ ಹೊತ್ತು ಹೋದವರು. ಆಮೇಲೆ ಆ ಹಳ್ಳ ಹೂಳು ತುಂಬಿ, ಮುಳ್ಳುಕಂಟಿ ಬೆಳೆದು, 2019ರಲ್ಲಿ ಗವಿಮಠದ ಸ್ವಾಮೀಜಿಯವರು ಮುಂದೆ ನಿಂತು ಸ್ವಚ್ಛ ಮಾಡಿಸುವ ತನಕ ಹಳ್ಳವೆಂದು ಗುರುತು ಸಿಗದಂತಾಗಿತ್ತು. ಹಳ್ಳದ ದಿನಗಳನ್ನು ಹೊಗಳುವವರನ್ನು ಕಂಡರೆ ಅತ್ತೆಯವರಿಗೆ ಆಗುವುದಿಲ್ಲ. ಅಲ್ಲಿ ಮಾತು, ನಗೆ, ಊರ ಸುದ್ದಿ ಎಲ್ಲ ಇತ್ತಂತೆ. ‘ಸುದ್ದಿ ಹೇಳಾಕ ನಡ ಮುರ್ಕೋಬೇಕೇನು? ಕಟ್ಟಿಮ್ಯಾಲ ಕುಂತು ಹೇಳಬಹುದಲ್ಲ’ ಎನ್ನುತ್ತಾರೆ. ಈಗ ಅವರು ಕುರ್ಚಿಯಲ್ಲಿ ಕುಳಿತು ಒಂದು ಕೈಯಲ್ಲಿ ಹಿಡಿಕೆ ತಿರುವುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಗಂಗಾವತಿಯ ತಂಗಿಯ ಜೊತೆ ಮಾತಾಡುತ್ತಾರೆ. ಅವರ ಆರ್‌ಪಿಎಂ ಬರೋಬ್ಬರಿ. ಅರಿವೆ ಧಪ್ ಧಪ್ ಎಂದು ಬೀಳುವುದು ಅಡಿಗೆಮನೆಗೆ ಕೇಳುತ್ತದೆ.

ಒಣಹಾಕುವುದಕ್ಕೆ ಇನ್ನೂ ಯಾವ ಹಿಡಿಕೆಯೂ ಬಂದಿಲ್ಲ. ಗಿಣಿಗೇರಿ ಕಡೆಯ ಕಾರ್ಖಾನೆಗಳ ಗಾಳಿ ಊರ ಕಡೆ ತಿರುಗಿದ ದಿನ ಮಾಳಿಗೆಯ ಹಗ್ಗದ ಮೇಲೆ ಹಾಕಿದ ಬಿಳಿ ಅಂಗಿಗೆ ಕರಿ ಬೂದಿ ಕೂತಿರುತ್ತದೆ. ಜಾಡಿಸಬೇಕು, ಒರೆಸಿದರೆ ಗೆರೆ ಬೀಳುತ್ತದೆ. ಒಗೆಯುವ ಮಷೀನು ಮಾಡಿದವರೆಲ್ಲ ಕೊಳೆಯ ಕಥೆ ಡ್ರಮ್ಮಿನಲ್ಲಿ ಮುಗಿಯುತ್ತದೆ ಎಂದುಕೊಂಡವರು. ಅವರ ಊರಲ್ಲಿ ಸ್ಪಾಂಜ್ ಐರನ್ ಕಾರ್ಖಾನೆ ಇರಲಿಕ್ಕಿಲ್ಲ.

ಮತ್ತೆ, ಕೌದಿ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯಬೇಕೆಂಬುದು ನಮ್ಮ ಕಡೆ ಯಾರೂ ಮುರಿಯದ ಕಟ್ಟಳೆ. ಹಳೆ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿ ನೀರು ಕುಡಿಯಿತೆಂದರೆ ಅದನ್ನೆತ್ತಲು ಇಬ್ಬರು ಬೇಕು. ತಿರುವೋ ಮಷೀನಿನ ಬಾಯಿಗೆ ಅದರ ಒಂದು ಮೂಲೆಯೂ ಹೋಗುವುದಿಲ್ಲ. ಆಗ ಟಂಟಂ ಮಾಡಿಕೊಂಡು ಅತ್ತೆಯವರ ತವರಿನ ಕಾಲುವೆಗೆ ಹೋಗುತ್ತೇವೆ. ತುಂಗಭದ್ರೆಯ ಎಡದಂಡೆ ನೀರು ಆ ಹೊತ್ತಿಗೆ ತುಂಬಿ ಹರಿಯುತ್ತಿರುತ್ತದೆ. ಸೆಳೆತ ಜೋರು, ಮಕ್ಕಳನ್ನು ಮೆಟ್ಟಿಲಿನಿಂದ ಕೆಳಗೆ ಬಿಡುವುದಿಲ್ಲ. ಕೌದಿಯನ್ನು ಕಲ್ಲಿನ ಮೇಲೆ ಹಾಸಿ ತುಳಿಯುವುದು, ಮೂಲೆ ಬಿಗಿಹಿಡಿದು ನೀರಿಗೆ ಬಿಡುವುದು, ಎಳೆಯುವುದು. ಗಂಡಸರೂ ಬರುತ್ತಾರೆ, ಬುತ್ತಿ ಇರುತ್ತದಲ್ಲ.

ಹಿಂಡುವಾಗ ಮಾತ್ರ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಒಬ್ಬರು ಆ ತುದಿ, ಒಬ್ಬರು ಈ ತುದಿ ಹಿಡಿದು ಎದುರುಬದುರು ನಿಲ್ಲಬೇಕು. ಇಬ್ಬರೂ ತಂತಮ್ಮ ಬಲಕ್ಕೆ ತಿರುವಿದರೆ ಕೌದಿ ಹುರಿಯಾಗಿ ನೀರು ಬಿಡುತ್ತದೆ. ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ತಿರುವಿದರೆ ಅದು ಸುಮ್ಮನೆ ಉರುಳುತ್ತದೆ, ಒಂದು ಹನಿಯೂ ಬೀಳುವುದಿಲ್ಲ. ಈ ಲೆಕ್ಕ ಆರ್‌ಪಿಎಂ ಬಲ್ಲವರಿಗೆ ಪ್ರತಿ ವರ್ಷ ಹೊಸದು.

‘ಯಾ ಕಡೆ ತಿರುವಲಿ, ಅವ್ವ?’

‘ನಿನ್ನ ಬಲಕ್ಕಪಾ.’

‘ಅಂದ್ರ ನಿನ್ನ ಎಡಕ್ಕ ಆಗತೈತಿ.’

‘ನನ್ನ ಎಡ ಕಟಗೊಂಡು ನಿನಗೇನು ಮಾಡೂದೈತಿ, ನೀ ನಿನ್ನ ಬಲಕ್ಕ ತಿರುವು!’