ಒಪ್ಪೋಲೆ ಕೇಳಿದರೆ ಹೊಸ ಪುಸ್ತಕ ಕೊಡುವವರು

ನಿನ್ನೆ ಸಂಜೆ ಅತ್ತೆಯ ಲ್ಯಾಪ್‌ಟಾಪಿನ ಮುಂದೆ ಎರಡೂವರೆ ಗಂಟೆ ಕುಳಿತು ಎದ್ದು ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ನನ್ನನ್ನು ಬಲ್ಲವರಿಗೆಲ್ಲ ಗೊತ್ತಿರುವಂತೆ, ಹಗಲೆಲ್ಲ ಆಫೀಸಿನ ಕಂಪ್ಯೂಟರುಗಳ ಉಸ್ತುವಾರಿ ನೋಡಿ ಸಂಬಳ ಪಡೆಯುವ ನಾನು, ಸಂಜೆಯಾದ ಮೇಲೆ ಬಂಧುಬಳಗದ ಕಂಪ್ಯೂಟರುಗಳಿಗೆ ಸಂಬಳವಿಲ್ಲದ ವೈದ್ಯ. ಅತ್ತೆಯನ್ನೂ ನಿಮ್ಮಲ್ಲಿ ಅನೇಕರು ಬಲ್ಲಿರಿ. ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಉತ್ತರ ಸರಿಯಿದ್ದರೂ ನಡುವಿನ ಒಂದು ಹಂತ ಬಿಟ್ಟರೆ ಅರ್ಧ ಅಂಕ ಕಳೆಯುತ್ತಿದ್ದವರು.

ಕಂಪ್ಯೂಟರ್ ಕಲಿಯುವಾಗಲೂ ಅವರು ಆ ಶಿಸ್ತನ್ನು ಬಿಡಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪುಟ. ಪ್ರತಿ ಪುಟಕ್ಕೂ ತಲೆಬರಹ, ದಿನಾಂಕ, ಕ್ರಮಸಂಖ್ಯೆ ಹಾಕಿದ ಹಂತಗಳು. ಹದಿನಾಲ್ಕನೆಯ ಪುಟದ ತಲೆಬರಹ ‘ಇಮೇಲಿಗೆ ಫೋಟೊ ಲಗತ್ತಿಸುವುದು’. ಅದರ ಮೂರನೆಯ ಹಂತ ಹೀಗಿದೆ: ‘ಮೇಲಿನ ಸಾಲಿನಲ್ಲಿ ಬಲದಿಂದ ಎರಡನೆಯ ಗುರುತನ್ನು ಒತ್ತುವುದು’. ಪಕ್ಕದಲ್ಲಿ ಕಾಗದದ ಕ್ಲಿಪ್ಪಿನ ಪುಟ್ಟ ಚಿತ್ರವನ್ನು ನೀಲಿ ಶಾಯಿಯಲ್ಲಿ ಬಿಡಿಸಿದ್ದಾರೆ. ಆ ಪುಟವನ್ನು ನೋಡಿಕೊಂಡು ಅವರು ಎರಡು ವರ್ಷ ಯಾರನ್ನೂ ಕೇಳದೆ ಎಲ್ಲರಿಗೂ ಫೋಟೊ ಕಳುಹಿಸಿದರು.

ಒಂದು ಬೆಳಿಗ್ಗೆ ಆ ಇಮೇಲ್ ತಂತ್ರಾಂಶ ತಾನಾಗಿಯೇ ಅಪ್‌ಡೇಟ್ ಆಯಿತು. ಕ್ಲಿಪ್ಪಿನ ಗುರುತು ಮೇಲಿನ ಸಾಲಿನಿಂದ ಇಳಿದು, ಕೆಳಗೆಲ್ಲೋ ಇದ್ದ ಮೂರು ಚುಕ್ಕೆಗಳ ಹಿಂದೆ ಅಡಗಿಕೊಂಡಿತು. ಯಾರ ತಂತ್ರಾಂಶವೆಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಏಕೆಂದರೆ ಎಲ್ಲರೂ ಮಾಡುವುದು ಇದನ್ನೇ. ಅಂದು ಅತ್ತೆ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ: “ಪಠ್ಯಪುಸ್ತಕದಲ್ಲಿ ಅಚ್ಚಿನ ತಪ್ಪಿದ್ದರೆ ಹಿಂದುಗಡೆ ಒಪ್ಪೋಲೆ ಅಂಟಿಸುತ್ತಾರೆ ಕಣೋ. ಪಾಠಗಳ ಕ್ರಮವನ್ನೇ ಬದಲಿಸಿ ಹೊಸ ಪುಸ್ತಕ ಕೈಗಿಡುತ್ತಾರೇನು?”

ನನ್ನ ತಕರಾರು ಇರುವುದು ಇಲ್ಲಿಯೇ. ತಪ್ಪು ತಿದ್ದುವುದು ಒಂದು ಕೆಲಸ, ಮನೆಗೆ ಹೊಸ ಬಣ್ಣ ಹೊಡೆದು ಬಾಗಿಲಿನ ದಿಕ್ಕು ಬದಲಿಸುವುದು ಇನ್ನೊಂದು. ಎರಡಕ್ಕೂ ‘ಅಪ್‌ಡೇಟ್’ ಎಂಬ ಒಂದೇ ಹೆಸರಿಟ್ಟು, ಒಂದೇ ಪೊಟ್ಟಣದಲ್ಲಿ ಕಟ್ಟಿ, ಒಂದೇ ಗುಂಡಿಯನ್ನು ಒತ್ತಿಸುತ್ತಾರೆ. ಒಳಗೇನಿದೆ ಎಂದು ಕೇಳಿದರೆ ‘ದೋಷಗಳನ್ನು ಸರಿಪಡಿಸಲಾಗಿದೆ, ಕಾರ್ಯಕ್ಷಮತೆಯನ್ನು ಹೆಚ್ಚಿಸಲಾಗಿದೆ’ ಎಂಬ ಸಾಲು. ಯಾವ ದೋಷ, ಯಾರ ಕಾರ್ಯಕ್ಷಮತೆ? ಈ ಸಾಲನ್ನು ಅತ್ತೆಯ ತರಗತಿಯಲ್ಲಿ ಉತ್ತರವೆಂದು ಬರೆದಿದ್ದರೆ ಸೊನ್ನೆ ಬರುತ್ತಿತ್ತು.

ಇದರಿಂದಾಗುವ ನಷ್ಟ ಕಿರಿಕಿರಿಯಷ್ಟೇ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಹೊಸ ಬಣ್ಣದಿಂದ ಒಮ್ಮೆ ಸುಟ್ಟುಕೊಂಡವರು ಮುಂದೆ ಒಪ್ಪೋಲೆಯನ್ನೂ ಬೇಡವೆನ್ನುತ್ತಾರೆ. ‘ನಂತರ ನೆನಪಿಸು’ ಎಂಬ ಗುಂಡಿ ಅವರ ಬೆರಳಿಗೆ ಅಭ್ಯಾಸವಾಗಿಬಿಡುತ್ತದೆ. ಹೀಗೆ ತಳ್ಳಿದ ದಿನಗಳ ಬೆಲೆ ಎಷ್ಟೆಂದು ತಿಳಿಯಲು, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳಿದ 2017ರ ವನ್ನಾಕ್ರೈ ದಾಳಿಯೊಂದೇ ಸಾಕು. ವಿಂಡೋಸಿನಲ್ಲಿ ಅದಕ್ಕೆ ದಾರಿಕೊಟ್ಟ ತೂತನ್ನು, ಅಂದರೆ ಭದ್ರತೆಯ ದೋಷವನ್ನು, ಮುಚ್ಚುವ ಪ್ಯಾಚನ್ನು (ತಿದ್ದುಪಡಿಯನ್ನು) ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಏಪ್ರಿಲ್ ತಿಂಗಳಲ್ಲಿ ಆ ತೂತಿನೊಳಗೆ ನುಗ್ಗುವ ಹತಾರವನ್ನು ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಬಹಿರಂಗಪಡಿಸಿತು. ದಾಳಿ ಶುರುವಾದದ್ದು ಮೇ 12ರಂದು. ನಡುವೆ ಐವತ್ತೊಂಬತ್ತು ದಿನಗಳಿದ್ದವು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳುಹಿಸಬೇಕಾಯಿತು. ತಯಾರಕರೇ ಕೈಬಿಟ್ಟಿದ್ದ ಹಳೆಯ ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ ತಕ್ಕ ಶಾಸ್ತಿಯಾಯಿತೆಂದು ಆಗ ನಾವೆಲ್ಲ ಮೂಗು ಮುರಿದೆವು. ಆಮೇಲೆ ನೋಡಿದರೆ ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು, ಅಂದರೆ ಪ್ಯಾಚು ಬಾಗಿಲಿಗೆ ಬಂದು ನಿಂತಿದ್ದರೂ ಒಳಗೆ ಕರೆಯದವು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅತ್ತೆಯ ಹೋಲಿಕೆಯನ್ನೇ ಮುಂದುವರಿಸುವುದಾದರೆ, ಒಪ್ಪೋಲೆ ಪ್ರಕಟವಾದ ದಿನವೇ ತಪ್ಪು ಯಾವ ಪುಟದ ಯಾವ ಸಾಲಿನಲ್ಲಿದೆ ಎಂಬುದು ಕಳ್ಳರಿಗೂ ತಿಳಿಯುತ್ತದೆ. ಹಳೆಯ ಕಡತವನ್ನೂ ಹೊಸ ಕಡತವನ್ನೂ ಅಕ್ಕಪಕ್ಕ ಇಟ್ಟು, ಎಲ್ಲಿ ವ್ಯತ್ಯಾಸವಿದೆಯೆಂದು ಹುಡುಕಿ, ಅಲ್ಲಿಂದಲೇ ದಾಳಿಯ ದಾರಿ ಕಂಡುಕೊಳ್ಳುವುದು ಅವರಿಗೆ ಕರಗತ. ಆದ್ದರಿಂದ ಪ್ಯಾಚು ಬಂದ ಮೇಲೂ ಹಾಕಿಕೊಳ್ಳದ ಯಂತ್ರ ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಮೈಕ್ರೋಸಾಫ್ಟ್ 2003ರಿಂದ ತಿಂಗಳ ಎರಡನೆಯ ಮಂಗಳವಾರ ಪ್ಯಾಚುಗಳನ್ನು ಬಿಡುಗಡೆ ಮಾಡುವ ಪದ್ಧತಿ ಇಟ್ಟುಕೊಂಡಿದೆ. ಆ ದಿನದ ಮಾರನೆಯ ಬೆಳಿಗ್ಗೆ ಕಳ್ಳರೂ ಬೇಗ ಏಳುತ್ತಾರೆಂಬುದು ನಮ್ಮ ವೃತ್ತಿಯ ಹಳೆಯ ಹಾಸ್ಯ.

“ಸರಿಯಾಗಿ ನಡೆಯುತ್ತಿರುವುದನ್ನು ಮುಟ್ಟಬಾರದು” ಎನ್ನುವ ಪಂಗಡದವರು ಈ ಹೊತ್ತಿಗೆ ಕಾಮೆಂಟಿಗೆ ಸಿದ್ಧವಾಗಿರುತ್ತೀರಿ. ಕಡತಗಳನ್ನು ಕುಗ್ಗಿಸಿ ಕಟ್ಟುವ, ಬಿಚ್ಚುವ ವಿನ್‌ರಾರ್ ನಿಮಗೆ ಗೊತ್ತಿರಬೇಕು. ತಾನಾಗಿ ಅಪ್‌ಡೇಟ್ ಆಗುವ ತಂಟೆಗೇ ಹೋಗದೆ, ಯಾರಿಗೂ ತೊಂದರೆ ಕೊಡದೆ ತನ್ನ ಪಾಡಿಗೆ ಇದ್ದ ತಂತ್ರಾಂಶ ಅದು. ಒಂದು ಹಳೆಯ ಬಗೆಯ ಕಡತವನ್ನು ಬಿಚ್ಚುವ ಅದರ ಭಾಗದಲ್ಲಿ ಸುಮಾರು ಹತ್ತೊಂಬತ್ತು ವರ್ಷಗಳಿಂದ ಒಂದು ತೂತು ಇತ್ತೆಂಬುದು 2019ರಲ್ಲಿ ಬೆಳಕಿಗೆ ಬಂತು. ತಯಾರಕರು ಆ ಭಾಗವನ್ನೇ ಕಿತ್ತುಹಾಕಿ ಹೊಸ ಆವೃತ್ತಿ ಕೊಟ್ಟರು. ಆದರೆ ಅದನ್ನು ಹುಡುಕಿಕೊಂಡು ಹೋಗಿ ಹಾಕಿಕೊಳ್ಳಬೇಕಾದವರು ಬಳಕೆದಾರರೇ. ಸದ್ದಿಲ್ಲದೆ ಇರುವುದನ್ನೇ ಸುರಕ್ಷತೆ ಎಂದುಕೊಂಡವರಿಗೆ ಸುದ್ದಿ ತಲುಪುವುದಾದರೂ ಹೇಗೆ?

ಅಪ್‌ಡೇಟುಗಳೇ ಯಂತ್ರ ಕೆಡಿಸಿದ ಉದಾಹರಣೆಗಳಿಲ್ಲವೇ ಎಂದರೆ, ಇವೆ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟು ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡು ನವೆಂಬರಿನಲ್ಲಿ ಮತ್ತೆ ಕೊಟ್ಟರು. ಆದರೆ ದಯವಿಟ್ಟು ಗಮನಿಸಿ, ಅದು ಹೊಸ ಸೌಲಭ್ಯಗಳ ಅಪ್‌ಡೇಟು. ಹೊಸ ಪುಸ್ತಕ, ಒಪ್ಪೋಲೆಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತೆಯ ಸಂಸ್ಥೆ ಕಳುಹಿಸಿದ ಒಂದು ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆಯ ಮೇಲೆ ನಿಂತುಬಿಟ್ಟದ್ದು ನಿಜ, ಅದು ರಕ್ಷಣೆಯ ಹೆಸರಿನಲ್ಲೇ ಬಂದ ಕಡತವೆಂಬುದೂ ನಿಜ. ನನ್ನ ವಾದಕ್ಕೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಆದರೆ ಆ ತಂತ್ರಾಂಶ ಇದ್ದದ್ದು ವಿಮಾನಯಾನ ಕಂಪನಿ, ಬ್ಯಾಂಕು, ಆಸ್ಪತ್ರೆಗಳಂಥ ಸಂಸ್ಥೆಗಳಲ್ಲಿ. ಫೋಟೊ ಕಳುಹಿಸುವ ನಿವೃತ್ತ ಶಿಕ್ಷಕಿಯ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕುವವರು ಯಾರೂ ಇಲ್ಲ. ಹಾಗಾಗಿ ಆ ಒಂದು ದಿನವನ್ನು ತೋರಿಸಿ ಉಳಿದೆಲ್ಲ ದಿನಗಳ ಸೋಮಾರಿತನವನ್ನು ಸಮರ್ಥಿಸಿಕೊಳ್ಳಬೇಡಿ.

ತಯಾರಕರ ಸಮಜಾಯಿಷಿಯೂ ನನಗೆ ಗೊತ್ತು, ನಾನೂ ಅದೇ ಬಳಗದವನು. ಹಳೆಯ ರೂಪವನ್ನೂ ಹೊಸ ರೂಪವನ್ನೂ ಒಟ್ಟಿಗೆ ಪೋಷಿಸಿದರೆ ಪರೀಕ್ಷೆಯ ಕೆಲಸ ದುಪ್ಪಟ್ಟಾಗುತ್ತದೆ, ಎರಡೆರಡು ಕಡೆ ಪ್ಯಾಚು ಹಾಕಬೇಕಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಒಪ್ಪಿದೆ. ಆದರೆ ಮಾಡಲಾಗದ ಕೆಲಸವೇನೂ ಅಲ್ಲ, ಮಾಡುತ್ತಲೇ ಇದ್ದಾರೆ. ರೂಪವನ್ನು ಹೆಚ್ಚು ಬದಲಿಸದೆ ಭದ್ರತೆಯ ತಿದ್ದುಪಡಿಗಳನ್ನಷ್ಟೇ ಪಡೆಯುತ್ತ ಹೋಗುವ ಫೈರ್‌ಫಾಕ್ಸ್ ಬ್ರೌಸರಿನ ಇಎಸ್‌ಆರ್ ಆವೃತ್ತಿ 2012ರಿಂದ ಇದೆ. ವಿಂಡೋಸಿನಂತೆಯೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಡೆಬಿಯನ್ ಲಿನಕ್ಸಿನವರು ಒಮ್ಮೆ ಸ್ಥಿರವೆಂದು ಬಿಡುಗಡೆ ಮಾಡಿದ ಮೇಲೆ, ಹೊಸ ಆವೃತ್ತಿಗಳಲ್ಲಿ ಸಿಕ್ಕ ಪರಿಹಾರವನ್ನು ಹಳೆಯದಕ್ಕೇ ತಂದು ಹೊಲಿಯುತ್ತಾರೆ, ಗುಂಡಿಗಳು ಇದ್ದಲ್ಲಿಯೇ ಇರುತ್ತವೆ. ವಿಂಡೋಸಿಗೂ ವರ್ಷಗಟ್ಟಲೆ ರೂಪ ಬದಲಿಸದ ಎಲ್‌ಟಿಎಸ್‌ಸಿ ಎಂಬ ಆವೃತ್ತಿಯಿದೆ. ಅದು ದೊಡ್ಡ ಸಂಸ್ಥೆಗಳಿಗೆಂದೇ ಮಾಡಿದ್ದು. ಮನೆಬಳಕೆಯವರು ಅಂಗಡಿಗೆ ಹೋಗಿ ಕೇಳಿ ತರುವಂಥದ್ದಲ್ಲ. 2021ರಲ್ಲಿ ಆಪಲ್ ತನ್ನ ಫೋನುಗಳಲ್ಲಿ ಹೊಸ ಐಓಎಸ್ 15ಕ್ಕೆ ಹೋಗದೆ 14ರಲ್ಲಿಯೇ ಉಳಿದು ಭದ್ರತೆಯ ತಿದ್ದುಪಡಿಗಳನ್ನು ಪಡೆಯುವ ಆಯ್ಕೆ ಕೊಟ್ಟಾಗ ನಾನು ಕುಣಿದಾಡಿದ್ದೆ. ಕೆಲವೇ ತಿಂಗಳಲ್ಲಿ, ವರ್ಷ ತಿರುಗುವಷ್ಟರಲ್ಲಿ, ಆ ಬಾಗಿಲು ಮುಚ್ಚಿತು. ನೂರಾರು ಯಂತ್ರಗಳನ್ನು ನೋಡಿಕೊಳ್ಳಲು ನನ್ನಂಥವರನ್ನು ನೇಮಿಸಿಕೊಂಡ ಸಂಸ್ಥೆಗಳಿಗೆ ನೆಮ್ಮದಿ. ಒಂದೇ ಯಂತ್ರವಿರುವ, ಯಾರೂ ಇಲ್ಲದ ಮನುಷ್ಯರಿಗೆ ಪ್ರತಿ ಸಲವೂ ಹೊಸ ಪುಸ್ತಕ. ಇದು ಯಾವ ಸೀಮೆಯ ನ್ಯಾಯ?

ಇಷ್ಟು ಹೊತ್ತು ಬೇರೆಯವರನ್ನು ಬೈದಾಯಿತು. ಈಗ ಹೇಳಲು ಮನಸ್ಸಿಲ್ಲದ ವಿಷಯವನ್ನು ಹೇಳಬೇಕು. ನಿನ್ನೆ ಅತ್ತೆಯ ಲ್ಯಾಪ್‌ಟಾಪ್ ತೆರೆದಾಗ ಅದು ಎಂಟು ತಿಂಗಳಿಂದ ಒಂದೇ ಒಂದು ಪ್ಯಾಚನ್ನೂ ಪಡೆದಿರಲಿಲ್ಲ. “ಅತ್ತೆ, ಇದನ್ನು ನಿಲ್ಲಿಸಿದ್ದು ಯಾರು?” ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವರು ಏನೂ ಮಾತಾಡದೆ ನೋಟ್‌ಬುಕ್ಕಿನ ಇಪ್ಪತ್ತೆರಡನೆಯ ಪುಟ ತೆಗೆದು ನನ್ನ ಮುಂದಿಟ್ಟರು. ಅಲ್ಲಿ ದಿನಾಂಕ ಸಮೇತ ಬರೆದಿತ್ತು: ‘ಇಂದು ಇವನು ಅಪ್‌ಡೇಟ್ ಬಾರದಂತೆ ಮಾಡಿದ. ಪ್ರತಿ ತಿಂಗಳು ತಾನೇ ಬಂದು ಹಾಕುತ್ತಾನಂತೆ.’

ನಿಲ್ಲಿಸಿದವನು ನಾನೇ. ಕ್ಲಿಪ್ಪಿನ ಗುರುತು ಮಾಯವಾದ ವಾರದಲ್ಲಿ ಅವರಿಂದ ದಿನಕ್ಕೆ ಮೂರು ಕರೆ ಬರುತ್ತಿದ್ದವು. ಆಫೀಸಿನಲ್ಲಿ ತಲೆಬಿಸಿಯಾಗಿದ್ದ ನಾನು, ಮುಂದಿನ ಕರೆಗಳನ್ನು ತಪ್ಪಿಸಿಕೊಳ್ಳಲು, ಅವರ ಇಂಟರ್‌ನೆಟ್ ಸಂಪರ್ಕವನ್ನು ‘ಮೀಟರ್ಡ್’ (ಮಿತವಾಗಿ ಬಳಸಬೇಕಾದದ್ದು) ಎಂದು ಗುರುತುಮಾಡಿ ಅಪ್‌ಡೇಟುಗಳೆಲ್ಲ ಹೊರಗೇ ನಿಲ್ಲುವಂತೆ ಮಾಡಿ ಬಂದೆ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮೂರು ಪುಟದ ಇಮೇಲ್ ಬರೆಯುವ ಮನುಷ್ಯ ನಾನು. ಐವತ್ತೊಂಬತ್ತು ದಿನಗಳ ಕತೆಯನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುವವನೂ ನಾನೇ.

ಸರಿ, ಕೆಲಸಕ್ಕೆ ಕುಳಿತೆ. ಮೊದಲು ಫೋಟೊ ಮತ್ತು ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಅಪ್‌ಡೇಟಿಗೆ ಮುಂಚೆ ಬ್ಯಾಕಪ್ ಇಲ್ಲದೆ ಕೈಹಾಕಬಾರದು, ಅದರಲ್ಲೂ ಎಂಟು ತಿಂಗಳ ಬಾಕಿ ಇರುವಾಗ. ಆಮೇಲೆ ಆ ‘ಮೀಟರ್ಡ್’ ಗುರುತನ್ನು ತೆಗೆದೆ. ಬಾಕಿ ಸಾಲುಗಟ್ಟಿ ಇಳಿಯತೊಡಗಿತು. ತೆರೆಯ ಮೇಲೆ ಶೇಕಡಾ 27ರಲ್ಲಿ ಹತ್ತು ನಿಮಿಷ ನಿಂತು, ನೂರಕ್ಕೆ ಹೋಗಿ, ರೀಸ್ಟಾರ್ಟ್ ಆಗಿ, ಮತ್ತೆ ಸೊನ್ನೆಯಿಂದ ಎಣಿಸಲು ಶುರುಮಾಡಿದಾಗ ಅತ್ತೆ ಕನ್ನಡಕ ಸರಿಪಡಿಸಿಕೊಂಡು ಕೇಳಿದರು: “ನೂರಾದ ಮೇಲೂ ಮುಗಿಯದಿದ್ದರೆ ಅದು ಯಾತರ ಶೇಕಡಾವಾರು?” ನಾನು ಸುಮ್ಮನಿದ್ದೆ.

ಬ್ರೌಸರಿನದು ಬೇರೆಯದೇ ಕತೆ. ಅದು ಹೊಸ ಆವೃತ್ತಿಯನ್ನು ಆಗಷ್ಟೇ ತರಿಸಿಟ್ಟುಕೊಂಡು, ತನ್ನನ್ನು ಒಮ್ಮೆ ಪೂರ್ತಿ ಮುಚ್ಚಿ ತೆರೆಯಲಿ ಎಂದು ಕಾಯುತ್ತಿತ್ತು. ಕ್ರೋಮಿನಲ್ಲಿ ಹೀಗೆ ಬಾಕಿಯಾದರೆ ಬಲಮೂಲೆಯಲ್ಲಿ ಮೊದಲು ಹಸಿರು, ನಾಲ್ಕು ದಿನಕ್ಕೆ ಕಿತ್ತಳೆ, ವಾರ ಕಳೆದರೆ ಕೆಂಪು ಬಣ್ಣ ಬರುತ್ತದೆ. ಆ ಬಣ್ಣಗಳ ಅರ್ಥವನ್ನು ಮಾತ್ರ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. “ದಿನಾ ರಾತ್ರಿ ಆಫ್ ಮಾಡಿಯೇ ಮಲಗುತ್ತೇನಲ್ಲ, ಕಂಪ್ಯೂಟರಿಗೆ ಮತ್ತೆ ರೀಸ್ಟಾರ್ಟ್ ಏಕೆ?” ಎಂಬುದು ಅತ್ತೆಯ ಮುಂದಿನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ವಿಂಡೋಸ್ 8ರಿಂದೀಚೆಗೆ ಬಹಳಷ್ಟು ಯಂತ್ರಗಳಲ್ಲಿ ಶಟ್‌ಡೌನ್ ಮಾಡಿದಾಗ ವ್ಯವಸ್ಥೆಯ ಒಳತಿರುಳು ಪೂರ್ತಿ ಆರುವುದಿಲ್ಲ, ಬೆಳಿಗ್ಗೆ ಬೇಗ ಏಳಲೆಂದು ತನ್ನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಎಲ್ಲವನ್ನೂ ಮೊದಲಿನಿಂದ ಶುರುಮಾಡುವುದು ರೀಸ್ಟಾರ್ಟ್. “ಆಫ್ ಎಂದರೆ ಆಫ್ ಅಲ್ಲ, ರೀಸ್ಟಾರ್ಟ್ ಎಂದರೆ ನಿಜವಾದ ಆಫ್” ಎಂದು ಅತ್ತೆ ತಮಗೆ ತಾವೇ ಹೇಳಿಕೊಂಡು ಬರೆದುಕೊಂಡರು. ಇಂಥದ್ದನ್ನು ಕಲಿಸುವ ಶಾಸ್ತ್ರವನ್ನು ತಾವು ಯಾವ ಶಾಲೆಯಲ್ಲೂ ನೋಡಿಲ್ಲವೆಂದರು.

ಎಲ್ಲ ಮುಗಿಯುವ ಹೊತ್ತಿಗೆ ಹದಿನಾಲ್ಕನೆಯ ಪುಟ ಮತ್ತೊಮ್ಮೆ ಸುಳ್ಳಾಗಿತ್ತು. ಎಂಟು ತಿಂಗಳಲ್ಲಿ ಕ್ಲಿಪ್ಪು ಮೂರು ಚುಕ್ಕೆಗಳ ಹಿಂದಿನಿಂದ ಎದ್ದು, ಮೊದಲಿದ್ದ ಸಾಲಿಗೇ ವಾಪಸು ಬಂದಿತ್ತು. ಆದರೆ ಈ ಸಲ ಎಡಗಡೆಗೆ. ಯಾರಿಗೋ ಅಷ್ಟಕ್ಕೆ ಬಡ್ತಿ ಸಿಕ್ಕಿರಬೇಕು.

ಅತ್ತೆ ಬೈಯಲಿಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆಗೆದು, ಸ್ಕೇಲ್ ಇಟ್ಟು ಗೆರೆ ಎಳೆದು, ಹನ್ನೆರಡು ತಿಂಗಳಿಗೆ ಹನ್ನೆರಡು ಮನೆಗಳನ್ನು ಮಾಡಿದರು. ತಿಂಗಳ ಎರಡನೆಯ ಮಂಗಳವಾರ ಯಾವ ತಾರೀಖಿಗೆ ಬರುತ್ತದೆಂದು ನನ್ನಿಂದಲೇ ಕೇಳಿ ಮೇಲೆ ಬರೆದುಕೊಂಡರು. ಅದರ ಪಕ್ಕದಲ್ಲಿ ನನ್ನ ಹೆಸರು, ಕೆಳಗೆ ‘ಹಾಜರಿ’ ಎಂಬ ತಲೆಬರಹ. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ನೋಡಿದಾಗ, ಕಳೆದ ಎಂಟು ತಿಂಗಳ ಮನೆಗಳಲ್ಲಿ ಕೆಂಪು ಶಾಯಿಯಿಂದ ಸಾಲಾಗಿ ‘ಗೈರು’ ಎಂದು ತುಂಬುತ್ತಿದ್ದರು.