ಆದರೆ ಆರಿದ್ರಾ, ಇಲ್ಲದಿದ್ದರೆ ಐಪಿ68

ಮಲೆನಾಡಿನವರಿಗೆ ಮಳೆಯ ಲೆಕ್ಕ ಇಂಚಿನಲ್ಲಿ. ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕ ನೋಡಿ "ರಾತ್ರಿ ಮೂರೂವರೆ ಇಂಚು" ಎಂದು ಡೈರಿಗೆ ಬರೆದ ಮೇಲೆಯೇ ಗಂಟಲಲ್ಲಿ ಕಾಫಿ ಇಳಿಯುವುದು. ಫೋನ್ ಕಂಪನಿಯವರಿಗೆ ನೀರಿನ ಲೆಕ್ಕ ಮೀಟರಿನಲ್ಲಿ. ಧೂಳು, ನೀರನ್ನು ಫೋನು ಎಷ್ಟು ತಡೆಯುತ್ತದೆಂದು ಹೇಳುವ ದರ್ಜೆ ಐಪಿ. ಐಪಿ68 ಎಂದರೆ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಳ, 30 ನಿಮಿಷ. ಅದೂ ನಿಂತ ನೀರು, ಸಿಹಿ ನೀರು, ಡಬ್ಬಿಯಿಂದ ಆಗಷ್ಟೇ ತೆಗೆದ ಫೋನು. ಆಳ ಎಷ್ಟು, ಹೊತ್ತು ಎಷ್ಟು ಎಂದು ಹೇಳಿಕೊಳ್ಳುವುದೂ ಕಂಪನಿಯೇ. ಹಾಗಾಗಿ ಫೋನನ್ನು ಬೇಲೂರಿನ ವಿಷ್ಣುಸಮುದ್ರ ಕೆರೆಗೆ ಹಾಕಿದರೆ ಅರ್ಧ ಗಂಟೆಯ ಆಯಸ್ಸು ಉಂಟು. ಆರಿದ್ರಾ ಮಳೆಯ ಹದಿನಾಲ್ಕು ದಿನ ಅಂಗಿಜೇಬಿನಲ್ಲಿ ಇಟ್ಟುಕೊಂಡು ಓಡಾಡಿದರೆ ಏನು ಗತಿ ಎಂದು ಯಾರೂ ಬರೆದುಕೊಟ್ಟಿಲ್ಲ.

ಮುಳುಗಿಸುವ ಪರೀಕ್ಷೆ (ಕೊನೆಯ ಅಂಕಿ ಎಂಟು) ಬೇರೆ, ನೀರು ಎರಚುವ ಪರೀಕ್ಷೆ (ಐದು, ಆರು) ಬೇರೆ. ಎಂಟು ಪಾಸಾದವನು ಐದು, ಆರು ಪಾಸಾಗಿರಲೇಬೇಕೆಂಬ ನಿಯಮ ಈ ಶಾಲೆಯಲ್ಲಿಲ್ಲ. ಚಾರ್ಮಾಡಿ ಗಾಳಿಗೆ ಅಡ್ಡಡ್ಡ ಬರುವ ಮಳೆ ಎಂಟರ ಸಿಲೆಬಸ್ಸಿನಲ್ಲೇ ಇಲ್ಲ. ಈಗ ಐಪಿ69 ಬೇರೆ ಬಂದಿದೆ. 80 ಡಿಗ್ರಿಯ ಬಿಸಿನೀರನ್ನು ಅರ್ಧ ಗೇಣು ದೂರದಿಂದ ಪಂಪಿನ ಒತ್ತಡದಲ್ಲಿ ನಾಲ್ಕು ಕೋನದಿಂದ ತಲಾ 30 ಸೆಕೆಂಡು ಹೊಡೆದು ನೋಡುತ್ತಾರೆ. ನರಕ ಚತುರ್ದಶಿಯ ದಿನ ಎಣ್ಣೆ ಹಚ್ಚಿ ಹಂಡೆ ಪಕ್ಕ ಕೂರಿಸಲು ಲಾಯಕ್ಕಾದ ಫೋನು.

ಇಷ್ಟೆಲ್ಲ ಪಾಸಾದ ಮೇಲೆ ವಾರಂಟಿ ಕಾಗದ ಬಿಡಿಸಿ ಓದಿ. ನೀರಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಅನ್ವಯಿಸುವುದಿಲ್ಲ. ಸಿಮ್ ಟ್ರೇ ಎಳೆದು ತೂತಿಗೆ ಟಾರ್ಚ್ ಬಿಟ್ಟರೆ ಹಲವು ಫೋನುಗಳಲ್ಲಿ ಒಂದು ಬಿಳಿ ಚೂರು ಕಾಣುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಒಳಗೆ ನೀರೇ ಹೋಗದು ಎಂದು ಮಾರಿದವರು, ಹೋದರೆ ಚಾಡಿ ಹೇಳಲು ಒಬ್ಬನನ್ನು ಒಳಗೇ ಕೂರಿಸಿದ್ದಾರೆ. ನೀರು ತಡೆಯುವುದು ಗಾಜಿನ ಅಂಚಿನ ಅಂಟು ಮತ್ತು ಟ್ರೇ ಸುತ್ತಲಿನ ರಬ್ಬರ್ ಬಳೆ. ಫೋನು ಒಮ್ಮೆ ಜೀಪಿನಿಂದ ಬಿದ್ದರೆ ಅಂಟು ಬಿಡಬಹುದು. ಡಿಸ್‌ಪ್ಲೇ ಬದಲಿಸಿದರೆ ಕಂಪನಿಯ ಅಂಟು ಅಲ್ಲಿಗೆ ಮುಗಿಯಿತು. ಆಮೇಲೆ ಅದು ಐಪಿ ಸೊನ್ನೆ.

ಬುದ್ಧಿವಂತ ಫೋನುಗಳು ಚಾರ್ಜಿಂಗ್ ತೂತಿನಲ್ಲಿ ತೇವ ಕಂಡರೆ ಚಾರ್ಜ್ ತೆಗೆದುಕೊಳ್ಳುವುದಿಲ್ಲ. ತಪ್ಪಲ್ಲ. ಒದ್ದೆ ಪಿನ್ನಿಗೆ ಕರೆಂಟು ಹರಿದರೆ ತಾಮ್ರ ಹಸಿರುಗಟ್ಟಿ ತಿಂದುಹೋಗುತ್ತದೆ. ತೂತು ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿ ಅರ್ಧ ಗಂಟೆ ಇಡಿ ಎನ್ನುತ್ತದೆ ಕೈಪಿಡಿ. ಜುಲೈ ತಿಂಗಳಲ್ಲಿ ಕಳಸದಲ್ಲಿ ಒಣ ಜಾಗ! ಒಗೆದ ಬನಿಯನ್ನೇ ನಾಲ್ಕು ದಿನ ಒಲೆಯ ಮೇಲೆ ನೇತಾಡುತ್ತಿರುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಚೂರು ಒಳಗೆ ಹೋಗುತ್ತದೆ ಎಂದು ಐಫೋನಿನವರು ಬರೆದೇ ಇಟ್ಟಿದ್ದಾರೆ. ನಮ್ಮಲ್ಲಿ ಆ ತಿಂಗಳು ಅಕ್ಕಿಗೇ ಬೂಸು. ಉಳಿದದ್ದು ಒಲೆ ಮೇಲಿನ ಅಟ್ಟ. ಅಲ್ಲಿ ಮೆಣಸಿನಕಾಯಿ ಬೆಚ್ಚಗಿರುತ್ತದೆ, ಲಿಥಿಯಂ ಬ್ಯಾಟರಿ ಉಬ್ಬುತ್ತದೆ. ಅದೆಲ್ಲ ಸರಿಹೋಗಿ ತೂತು ಒಣಗಿತು ಅನ್ನಿ: 80 ವಾಟಿನ ಚಾರ್ಜರ್ ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ತುಂಬುತ್ತದೆ. ಲೈನಿನ ಮೇಲೆ ಮರ ಬಿದ್ದು ಮೂರು ದಿನವಾಗಿರುತ್ತದೆ.

ಇನ್ನು 5ಜಿ. ದೇಶಕ್ಕೆ ಅದು ಬಂದದ್ದು 2022ರ ಅಕ್ಟೋಬರಿನಲ್ಲಿ. ಅದರ ಮುಖ್ಯ ತರಂಗ 3.5 ಗಿಗಾಹರ್ಟ್ಸ್, ಅಲೆಯ ಉದ್ದ ಒಂಬತ್ತು ಸೆಂಟಿಮೀಟರೂ ಇಲ್ಲ. ಇಷ್ಟು ಗಿಡ್ಡ ಅಲೆಗೆ ಒಂದು ಒದ್ದೆ ಎಲೆಯೂ ಅಡ್ಡಗೋಡೆಯೇ. ತೋಟದಲ್ಲಿ ಮೇಲೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ರೊಬಸ್ಟಾ ಕಾಫಿ. ಮಳೆಗಾಲದಲ್ಲಿ ಬಿಸಿಲೇ ನೆಲ ಮುಟ್ಟದ ಜಾಗ ಅದು. 700 ಮೆಗಾಹರ್ಟ್ಸಿನ ಅಲೆ ಒಂದು ಮೊಳದಷ್ಟು ಉದ್ದ, ಅದು ಹೇಗೋ ನುಸುಳೀತು, ಹತ್ತಿರದಲ್ಲಿ ಟವರ್ ಇದ್ದರೆ. ಇದ್ದ ಟವರಿನ ಬ್ಯಾಟರಿಯೂ ಕರೆಂಟು ಹೋದ ಕೆಲವು ಗಂಟೆಗೆ ಮಲಗುತ್ತದೆ.

ಹಾಗಾದರೆ ಮೂಲೆಯಲ್ಲಿ "5ಜಿ" ಅಂತ ಕಾಣುತ್ತದಲ್ಲ? ಆ ಅಕ್ಷರ ಮೂಡಲು 5ಜಿ ಬಂದಿರಬೇಕೆಂದೇನಿಲ್ಲ. ಕೆಲವು ಜಾಲಗಳಲ್ಲಿ 4ಜಿ ಟವರು "ಈ ಸೀಮೆಯಲ್ಲಿ 5ಜಿ ಇದೆ" ಎಂದರೂ ಸಾಕು, ಫೋನು ಬೋರ್ಡು ತಗುಲಿಸಿಕೊಳ್ಳುತ್ತದೆ. ನಿಜ ಬೇಕಿದ್ದರೆ ಸಿಗ್ನಲ್ಲಿನ ಗೀಟು ಎಣಿಸಬೇಡಿ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒತ್ತಿ ಸಿಗ್ನಲ್ ಬಲ ಹೇಳುವ ಡಿಬಿಎಂ ಅಂಕಿ ನೋಡಿ. 4ಜಿಯಲ್ಲಿ ಮೈನಸ್ 90 ಇದ್ದರೆ ಮಾತಾಡಬಹುದು; ಮೈನಸ್ 110ಕ್ಕೆ "ಹಲೋ, ಕೇಳ್ತಾ ಇದೆಯಾ" ಒಂದೇ ಮಾತು; ಮೈನಸ್ 120ಕ್ಕೆ ಕೂಗಿ ಕರೆಯುವುದೇ ವಾಸಿ. ಸಿಗ್ನಲ್ ಕಮ್ಮಿಯಾದಷ್ಟೂ ಫೋನು ದೂರದ ಟವರಿಗೆ ಮುಟ್ಟಲು ತನ್ನ ಪೂರ್ತಿ 200 ಮಿಲಿವಾಟ್ ಹಾಕಿ ಅರಚುತ್ತದೆ, ಟವರೇ ಇಲ್ಲದಿದ್ದರೆ ಬಿಡದೆ ಹುಡುಕುತ್ತದೆ. ಹಾಸನದ ಪೇಟೆಯಲ್ಲಿ ಎರಡು ದಿನ ಬರುವ 5000 ಎಂಎಎಚ್ ಬ್ಯಾಟರಿ ತೋಟದಲ್ಲಿ ಸಂಜೆಗೇ ಖಾಲಿ. ಮದ್ದು ಸುಲಭ: ನೆಟ್‌ವರ್ಕ್ ಆಯ್ಕೆಯಲ್ಲಿ 5ಜಿ ತೆಗೆದು 4ಜಿಗೆ ಇಳಿಸಿ, ಅದೂ ಇಲ್ಲದ ಕಡೆ ಏರೋಪ್ಲೇನ್ ಮೋಡ್ ಹಾಕಿ. ಇಪ್ಪತ್ತೈದು ಸಾವಿರ ಕೊಟ್ಟು ತಂದ 5ಜಿ ಫೋನನ್ನು ಚೆನ್ನಾಗಿ ಬಾಳಿಸುವ ದಾರಿ, ಅದು ಫೋನೆಂಬುದನ್ನು ಮರೆಯುವುದು. ಪಕ್ಕದಲ್ಲಿ ಕೆಲಸದಾಳಿನ ಬಟನ್ ಸೆಟ್ಟು ಐದನೇ ದಿನವೂ ಟಾರ್ಚ್ ಬಿಡುತ್ತಿರುತ್ತದೆ.

ಬೆರಳಚ್ಚಿನ ಬೀಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಫಿ ಹಣ್ಣು ಕುಯ್ದು ಸವೆದ ಬೆರಳಿಗೆ ಗೆರೆಯಿಲ್ಲ, ಮಳೆಯಲ್ಲಿ ನೆಂದು ಸುಕ್ಕಾದ ಬೆರಳಿಗೆ ಗೆರೆ ಜಾಸ್ತಿ.

ಕ್ಯಾಮೆರಾ ಮಾತ್ರ 200 ಮೆಗಾಪಿಕ್ಸೆಲ್. ಮಾಮೂಲಿಯಾಗಿ ತೆಗೆದರೆ 16 ಚುಕ್ಕಿ ಸೇರಿಸಿ ಒಂದು ಮಾಡಿ ಹನ್ನೆರಡೂವರೆ ಮೆಗಾಪಿಕ್ಸೆಲ್ ಕೊಡುತ್ತದೆ. ವಾಟ್ಸಾಪ್ ಅದನ್ನು ಹಿಂಡಿ ಎರಡರ ಆಸುಪಾಸಿಗೆ ತರುತ್ತದೆ. ಎಲೆಗೆ ತುಕ್ಕು ರೋಗ ಬಂದಿದೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರಿಗೆ ತೋರಿಸೋಣ ಎಂದು ಫೋಟೋ ಹೊಡೆದರೆ, ಫೋನಿನ ಎಐ ಎಲೆಯನ್ನು ಗುರುತಿಸಿ "ಹಸಿರು" ಎಂದು ಉಬ್ಬಿ ಇನ್ನಷ್ಟು ಹಸಿರು ಬಳಿಯುತ್ತದೆ. ತೋಟದಲ್ಲಿ ರೋಗ, ಫೋಟೋದಲ್ಲಿ ವಸಂತ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಎಐ ಆಫ್ ಮಾಡಿ, ಚಿತ್ರವನ್ನು ಫೋಟೋ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಹೋಗಬೇಕಾದರೆ ಸಿಗ್ನಲ್ ಸಿಗುವ ರೇಂಜ್ ಗುಡ್ಡ ಹತ್ತಬೇಕು.

ರೇಂಜ್ ಗುಡ್ಡ ಇಲ್ಲದ ಊರು ಇಲ್ಲಿ ಕಮ್ಮಿ. ಕೊರೊನಾ ಕಾಲದಲ್ಲಿ ಮಕ್ಕಳು ಟಾರ್ಪಾಲು ಕಟ್ಟಿ ಆನ್‌ಲೈನ್ ಕ್ಲಾಸು ಕೇಳಿದ್ದು ಇಂಥ ಗುಡ್ಡಗಳ ಮೇಲೆಯೇ. ಎಸ್‌ಎಂಎಸ್‌ಗೆ ಒಂದು ಒಳ್ಳೆಯ ಗುಣವುಂಟು: ಫೋನು ಸಿಗದಿದ್ದರೆ ಸರ್ವರಿನಲ್ಲಿ ಕಾದು ಕೂತಿದ್ದು, ಸಿಕ್ಕ ಕೂಡಲೇ ಬರುತ್ತದೆ. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆಯೆಂದು ತಿಳಿಸಲು ಅರಣ್ಯ ಇಲಾಖೆ ಎಸ್‌ಎಂಎಸ್ ಕಳಿಸುವುದೂ ಉಂಟು. ಸಂಜೆ ಮಬ್ಬಿನಲ್ಲಿ ಗುಡ್ಡದ ನೆತ್ತಿಗೆ ಬಂದು ಫೋನು ಎತ್ತಿ ಹಿಡಿದರೆ ಎರಡು ಗೀಟು ಮೂಡುತ್ತವೆ, ಸಾಲಾಗಿ ಬೀಳುತ್ತವೆ: ಹತ್ತು ನಿಮಿಷ ಮಾತ್ರ ನಡೆಯುವ ಮೊನ್ನೆಯ ಓಟಿಪಿ, ದಿನಕ್ಕೆ ಎರಡು ಜಿಬಿ ಡೇಟಾದ ಆಫರು, ಮತ್ತೆ ಬೆಳಗ್ಗೆ ಎಂಟಕ್ಕೆ ಹೊರಟ ಎಚ್ಚರಿಕೆ. ಇದೇ ಗುಡ್ಡದ ಬಳಿ ಕಾಡಾನೆ ಇದೆ, ಆ ಕಡೆ ಯಾರೂ ಹೋಗಬೇಡಿ.